ಗರಗಸ ಹಿಡಿದ ಕೈಗೆ ಪೆನ್ಸಿಲ್ ಭಾರವೇ?

ಕಳೆದ ವಾರ ವಿಡಿಯೊ ಕಾಲ್‌ನಲ್ಲಿ ಮೈಸೂರಿನ ತಂಗಿ ತನ್ನ ಮಗನ ಕಾಪಿ ಪುಸ್ತಕ ತೋರಿಸಿದಳು. ನಾಲ್ಕೂವರೆ ವರ್ಷದ ಹುಡುಗ ಒಂದರಿಂದ ನೂರರವರೆಗೆ ಗೆರೆ ದಾಟದಂತೆ ಬರೆದಿದ್ದ. "ನಿಂಗೇನು ಬರತ್ತೆ ಪುಟ್ಟೀ?" ಎಂದು ನನ್ನ ಮಗಳನ್ನು ಕೇಳಿದಳು. ಈ ಬೇಸಿಗೆ ಕಳೆದರೆ ನನ್ನ ಮಗಳು ಒಂದನೇ ತರಗತಿ. ಹೆಸರೊಂದು ಬಿಟ್ಟರೆ ಏನೂ ಬರೆಯಲು ಬಾರದು. "ಗರಗಸದಲ್ಲಿ ಕೊಂಬೆ ಕೊಯ್ಯಕ್ಕೆ ಬರತ್ತೆ. ಅವನಿಗೆ ಯಾರೂ ಗರಗಸ ಕೊಡಲ್ವಾ?" ಅಂದಳು. ತಂಗಿ ನಕ್ಕಳು. ಆ ನಗುವಿನಲ್ಲಿದ್ದ 'ಅಯ್ಯೋ ಪಾಪ' ನನಗೆ ನೋವು ಮಾಡಿತು.

ನಾವಿರುವ ಜರ್ಮನಿಯ ಯೇನಾ ನಗರದಿಂದ ಬಾಡ್ ಬ್ಲಾಂಕೆನ್‌ಬುರ್ಗ್ ದೂರವಲ್ಲ. ಶಿಕ್ಷಣತಜ್ಞ ಫ್ರೀಡ್ರಿಖ್ ಫ್ರೋಬೆಲ್ 1840ರಲ್ಲಿ ಪುಟ್ಟ ಮಕ್ಕಳಿಗೆ ಆಟದ ಮೂಲಕ ಕಲಿಸುವ ತನ್ನ ಕೆಲಸಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟಾಗ ಇದ್ದದ್ದು ಆ ಊರಿನಲ್ಲೇ. ಅವನು ಮಕ್ಕಳಿಗೆಂದು ರೂಪಿಸಿದ ಆಟಿಕೆಗಳಲ್ಲೊಂದು ಮರದ ಘನ; ಬಿಡಿಸಿದರೆ ಎಂಟು ಪುಟ್ಟ ಘನ. ಮಗಳ ಶಿಶುವಿಹಾರದಲ್ಲೂ ಅಂಥವಿವೆ. ಮಕ್ಕಳು ಮೆಟ್ಟಿಲು ಕಟ್ಟುತ್ತಾರೆ, ಬೆಂಚು ಮಾಡುತ್ತಾರೆ, ಜಗಳವಾಡಿ ನಾಲ್ಕು ನಿಂಗೆ, ನಾಲ್ಕು ನಂಗೆ ಎಂದು ರಾಜಿಯಾಗುತ್ತಾರೆ. ಅರ್ಧ ಎಂದರೇನೆಂದು ಅಂಕಿ ಬರೆಯುವ ಮೊದಲೇ ಬೆರಳಿಗೆ ಗೊತ್ತಾಗಿರುತ್ತದೆ. ಕೊಂಬೆ ಕೊಯ್ಯುವವಳಿಗೆ ಕೈಯ ಹಿಡಿತವೂ ಬರುತ್ತದೆ, ಎಲ್ಲಿ ನಿಲ್ಲಿಸಬೇಕೆಂಬ ಎಚ್ಚರವೂ ಬರುತ್ತದೆ. ಪೆನ್ಸಿಲ್‌ಗೆ ಬೇಕಾದ್ದು ಅದೇ ತಾನೆ?

ಇದನ್ನು ತಿಳಿಯಲು ನಾನು ಜರ್ಮನಿಗೆ ಬರಬೇಕಿರಲಿಲ್ಲ. ನಮ್ಮಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಟೀಚರ್. ಆಟ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ 1995ರಲ್ಲಿ ಮೊಳೆತದ್ದು ಆ ತಾಲ್ಲೂಕಿನಲ್ಲಿ. ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ರಾತ್ರಿ ಊಟವಾದ ಮೇಲೆ ಅಮ್ಮ ರಟ್ಟು ಕತ್ತರಿಸಿ ಕಾರ್ಡು ಮಾಡುತ್ತಿದ್ದರು. ನಾನು ಬಣ್ಣ ತುಂಬುತ್ತಿದ್ದೆ, ತಂಗಿ ಅಂಟು ಬಳಿಯುತ್ತಿದ್ದಳು. ಅಕ್ಷರ ಶುರುವಾಗುತ್ತಿದ್ದದ್ದು ಅ ಆ ಇ ಈ ಎಂದಲ್ಲ. ರ ಗ ಸ ದ ಅ. ಐದೇ ಅಕ್ಷರ ಕಲಿತ ಮಗು ಅರಸ, ಅಗಸ, ಗರಗಸ ಎಂದು ಓದಿಬಿಡುತ್ತಿತ್ತು. ಮಕ್ಕಳ ಚಿತ್ರಗಳು ತಲೆಯ ಮೇಲಿನ ದಾರದ ಚಪ್ಪರದಲ್ಲಿ ತೂಗುತ್ತಿದ್ದವು. ಯಾರೂ ಯಾರಿಗಿಂತಲೂ ಹಿಂದೆ ಬೀಳುತ್ತಿರಲಿಲ್ಲ, ಅವರವರ ಕಲಿಕೆಯ ಏಣಿ ಅವರವರು ಹತ್ತುತ್ತಿದ್ದರು. ಒಂದಿಷ್ಟು ದಿನ ಶಾಲೆ ತಪ್ಪಿಸಿ ಬಂದ ಹುಡುಗನೂ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತಿದ್ದ. ಅಮ್ಮನಿಗೆ ಅದೇ ದೊಡ್ಡ ಸಮಾಧಾನ.

ನಮ್ಮ ಮಧ್ಯಮ ವರ್ಗ ಇದನ್ನು ಬಡವರ ಮಕ್ಕಳ ಶಾಲೆಯದೆಂದು ಪಕ್ಕಕ್ಕಿಟ್ಟಿತು. ದುಡ್ಡು ಕೊಟ್ಟು ಎಲ್‌ಕೆಜಿಯಲ್ಲೇ ಹೋಂವರ್ಕ್ ಕೊಂಡುಕೊಂಡಿತು. ಆಟವಾಡಿಸುತ್ತ ಕಲಿಸುವುದಕ್ಕೆ ಅಮ್ಮ ಪಟ್ಟ ಕಷ್ಟ ನೋಡಿ ಬೆಳೆದವಳು ನಾನು. ಅದನ್ನು ಯಾರಾದರೂ 'ಬರೀ ಆಟ' ಎಂದರೆ ಈಗಲೂ ಸಿಟ್ಟು ಬರುತ್ತದೆ.

ತಂಗಿಯ ಭಯ ಸುಳ್ಳಲ್ಲ. "ಬರೀಲಿಲ್ಲ ಅಂದ್ರೆ ಮಿಸ್ ಡೈರೀಲಿ ಬರೆದು ಕಳಿಸ್ತಾರೆ, ನಾನೇನು ಮಾಡ್ಲಿ?" ಅನ್ನುತ್ತಾಳೆ. ಅವಳ ಮನೆಯ ಹಿಂದಿನ ಬೀದಿಯಲ್ಲೇ ಸರ್ಕಾರಿ ಶಾಲೆಯಿದೆ. ಒಂದು ಬೆಳಿಗ್ಗೆ ಅಮ್ಮನನ್ನು ಕರೆದುಕೊಂಡು ಹೋಗಿ, ಒಂದನೇ ತರಗತಿಯ ನೆಲದ ಮೇಲೆ ಕೂತು ನೋಡಿ ಬಾ ಅಂದಿದ್ದೇನೆ. ಅಮ್ಮ ಆಗಲೇ ಸೀರೆ ತೆಗೆದಿಟ್ಟಿದ್ದಾರೆ. ತಂಗಿ ಇನ್ನೂ ಹೂಂ ಅಂದಿಲ್ಲ.