13.5 ಗ್ರಾಂ ಕಂಚು: ದೇವರ ಮುಖ ನೋಡಿ ಬೆಲೆ ತಿಳಿಯುವುದು

ರೋಮನ್ ಗಣರಾಜ್ಯದ ಕಾಲದ ಕಂಚಿನ ನಾಣ್ಯ ಗುರುತಿಸುವಾಗ ಹಿಂಬದಿಯನ್ನು ನೆಚ್ಚಿಕೊಂಡರೆ ಕೆಲಸ ಕೆಟ್ಟಿತು. ಅಲ್ಲಿ ಬಹುಮಟ್ಟಿಗೆ ಒಂದೇ ಚಿತ್ರ: ಹಡಗಿನ ಮೂತಿ, ಜೊತೆಗೆ ರೋಮಾ ಎಂಬ ಬರಹ. ಬೆಲೆ, ಅಂದರೆ ಅದು ಎಷ್ಟರ ನಾಣ್ಯ ಎಂದು ಹೇಳುವುದು ಮುಂಬದಿಯ ದೇವರು.

ತೂಗಿದರೆ ಗೊತ್ತಾಗುತ್ತದಲ್ಲ ಅನ್ನಬಹುದು. ಆಗುವುದಿಲ್ಲ. ಈ ಕಂಚಿನ ನಾಣ್ಯಗಳ ಮೂಲಮಾನ ಆಸ್; ಉಳಿದ ಚಿಕ್ಕವು ಅದರ ಭಾಗಗಳು. ಕ್ರಿ.ಪೂ. 211ರ ಸುಮಾರಿಗೆ ಒಂದು ಆಸ್ ಹತ್ತಿರಹತ್ತಿರ 54 ಗ್ರಾಂ ತೂಗುತ್ತಿತ್ತು. ಮುಂದಿನ ಶತಮಾನದಲ್ಲಿ ಅದು 27ರ ಆಸುಪಾಸಿಗೆ ಇಳಿಯಿತು, ಕ್ರಿ.ಪೂ. 91ರ ಹೊತ್ತಿಗೆ ಅದರಲ್ಲೂ ಅರ್ಧವಾಯಿತು. ಹಾಗಾಗಿ ತಕ್ಕಡಿ 13.5 ಗ್ರಾಂ ತೋರಿಸಿದರೆ ಅದು ಹಳೆಯ ಕಾಲು ಆಸ್ ಇರಬಹುದು, ನಡುವಿನ ಕಾಲದ ಅರ್ಧ ಆಸ್ ಇರಬಹುದು, ಕೊನೆಗಾಲದ ಇಡೀ ಆಸ್ ಕೂಡ ಇರಬಹುದು. ಸಿಂಹದ ಚರ್ಮ ಹೊದ್ದ ಹರ್ಕ್ಯುಲಿಸ್ ಕಂಡರೆ ಕಾಲು, ಅಂದರೆ ಕ್ವಾಡ್ರಾನ್ಸ್. ಎಲೆಗಳ ಮುಡಿಮಾಲೆ ತೊಟ್ಟ ಗಡ್ಡದ ಸ್ಯಾಟರ್ನ್ ಅರ್ಧದವನು, ಸೆಮಿಸ್. ಎರಡು ಮುಖದ ಜೇನಸ್ ಇದ್ದರೆ ಆಸ್.

ಆಸ್‌ಗೆ 12 ಉಂಕಿಯಾ. ಚಿಕ್ಕ ನಾಣ್ಯಗಳ ಮೇಲಿನ ಚುಕ್ಕೆಗಳು ಈ ಉಂಕಿಯಾ ಲೆಕ್ಕವೇ: ಕ್ವಾಡ್ರಾನ್ಸ್‌ಗೆ ಮೂರು, ರೆಕ್ಕೆಯ ಟೋಪಿಯ ಮರ್ಕ್ಯುರಿ ಇರುವ ಸೆಕ್ಸ್ಟಾನ್ಸ್‌ಗೆ ಎರಡು. ತೊಡಕಾಗುವುದು ಶಿರಸ್ತ್ರಾಣದ ಇಬ್ಬರು ಹೆಂಗಸರಲ್ಲಿ. ನಾಲ್ಕು ಚುಕ್ಕೆಯ ಟ್ರಿಯೆನ್ಸ್ ಮೇಲಿರುವವಳು ಮಿನರ್ವಾ, ಒಂದು ಚುಕ್ಕೆಯ ಉಂಕಿಯಾ ಮೇಲಿರುವವಳು ರೋಮ್ ನಗರದ ದೇವಿ ರೋಮಾ. ಮುಖ ಸವೆದಿದ್ದರೆ ಚುಕ್ಕೆಗಳನ್ನು ಹಿಂಬದಿಯಲ್ಲೂ ಹುಡುಕಿ. ಹಡಗಿನ ಸುತ್ತ ಅವೇ ಮತ್ತೆ ಇರುತ್ತವೆ. ದೀಪವನ್ನು ನೇರ ಮೇಲಿನಿಂದ ಹಿಡಿಯದೆ ಪಕ್ಕದಿಂದ, ನಾಣ್ಯದ ಮಟ್ಟಕ್ಕೆ ತಗ್ಗಿಸಿ ಹಿಡಿದರೆ ಸವೆದ ಚುಕ್ಕೆಗೂ ನೆರಳು ಬೀಳುತ್ತದೆ.

ಇನ್ನೊಂದು ಮೋಸ ಜೇನಸ್‌ನದು. ಚಕ್ರವರ್ತಿ ಆಗಸ್ಟಸ್ ಕಾಲದಲ್ಲಿ ಚಿಲ್ಲರೆಗಾಗಿ ಹಳೆಯ ಆಸ್‌ಗಳನ್ನು ಕತ್ತರಿಸಿ ಎರಡು ಮಾಡುತ್ತಿದ್ದರು. ಎರಡು ಮುಖಗಳ ನಡುವೆ ಸೀಳಿದರೆ ಒಬ್ಬನೇ ಗಡ್ಡದ ದೇವರು ಉಳಿಯುತ್ತಾನೆ, ಅವಸರದಲ್ಲಿ ಸ್ಯಾಟರ್ನ್ ಅನಿಸಿಬಿಡುತ್ತದೆ. ಅಂಚು ನೋಡಿ: ಒಂದು ಬದಿ ನೇರವಾಗಿ ಕಡಿದಂತಿದ್ದರೆ ಅದು ಹೋಳು.

ಮುಖ ಕಾಣಲೆಂದು ಪೂಜೆಯ ಸಾಮಾನಿಗೆ ಹಚ್ಚುವಂತೆ ಹುಣಸೆಹುಳಿ ಹಚ್ಚಿ ತಿಕ್ಕಬೇಡಿ, ನಿಂಬೆಯೂ ಬೇಡ. ಹುಳಿಗೆ ಮೇಲಿನ ಹಸಿರು ಪೊರೆ ಕರಗುತ್ತದೆ. ಚುಕ್ಕೆ, ಗಡ್ಡದ ಗೆರೆಗಳು ಎಷ್ಟೋ ಸಲ ಉಳಿದಿರುವುದು ಆ ಪೊರೆಯಲ್ಲೇ. ಡಿಸ್ಟಿಲ್ಡ್ ನೀರಿನಲ್ಲಿ ನೆನೆಹಾಕಿ, ಆಗಾಗ ನೀರು ಬದಲಿಸಿ, ಮೆತ್ತಗಾದ ಮಣ್ಣನ್ನು ಮರದ ಹಲ್ಲುಕಡ್ಡಿಯಿಂದ ಎಬ್ಬಿಸಿ. ಚೆನ್ನಾಗಿ ಒಣಗಿಸಿದ ಮೇಲೂ ತಿಳಿಹಸಿರು ಪುಡಿ ಏಳುತ್ತಿದ್ದರೆ ಒಳಗೆ ಕ್ಲೋರೈಡ್ ಉಳಿದಿದೆ ಎಂದರ್ಥ. ತೇವ ತಾಗಿದಷ್ಟೂ ಅದು ಕಂಚನ್ನು ತಿನ್ನುತ್ತಾ ಹೋಗುತ್ತದೆ. ಅಂಥದ್ದನ್ನು ಬೇರೆ ನಾಣ್ಯಗಳ ಜೊತೆ ಇಡದೆ, ಸಿಲಿಕಾ ಜೆಲ್ ಹಾಕಿದ ಬಿಗಿಮುಚ್ಚಳದ ಡಬ್ಬಿಯಲ್ಲಿಡಿ.