1956 ಅಲ್ಲ, 1973

ನಿನ್ನೆ ರಾತ್ರಿ ಮಗಳು ಹೋಂವರ್ಕ್ ತೋರಿಸಿದಳು. ನಮ್ಮ ರಾಜ್ಯಕ್ಕೆ ‘ಕರ್ನಾಟಕ’ ಅಂತ ಹೆಸರು ಬಂದದ್ದು ಯಾವಾಗ? 1956 ಅಂತ ಬರೆದಿದ್ದಳು. ಹುಡುಕಿದಾಗ ಮೊದಲು ಸಿಕ್ಕ ವೆಬ್‌ಸೈಟಿಂದ ಹಾಗೇ ಇಳಿಸಿದ್ದಾಳೆ. ಪಕ್ಕದಲ್ಲಿ ರಮ್ಮಿ ಜಾಹೀರಾತು ಬೇರೆ!

1956ರಲ್ಲಿ ಆದದ್ದು ಏಕೀಕರಣ. ಹೆಸರು ಬದಲಾದದ್ದು 1973ರ ನವೆಂಬರ್ 1ಕ್ಕೆ. ಅಲ್ಲಿವರೆಗೂ ಮೈಸೂರು ರಾಜ್ಯ. ಬೀರುವಿನಿಂದ ನಮ್ಮಪ್ಪನ ಹಳೇ ಅಂಕಪಟ್ಟಿ ತೆಗೆದು ತೋರಿಸಿದೆ. ಅಂಚು ಹರಿದಿದೆ, ಆದರೆ ‘ಮೈಸೂರು’ ಅನ್ನೋದು ಚೆನ್ನಾಗಿ ಕಾಣುತ್ತೆ.

ಆಮೇಲೆ ಪಾಠಪುಸ್ತಕದಲ್ಲಿರೋ ಕ್ಯೂಆರ್ ಕೋಡನ್ನು ಶಾಲಾ ಪಾಠಗಳಿರೋ ಸರ್ಕಾರಿ ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದೆವು. ವಿಡಿಯೊ ಸ್ವಲ್ಪ ಸಪ್ಪೆ, ಸುಮ್ನೆ ಯಾಕೆ ಹೊಗಳಲಿ? ಆದರೆ ಅವಳದೇ ಪಾಠ, ಜಾಹೀರಾತಿಲ್ಲ.

ಇನ್ಮೇಲೆ ಎರಡು ಕಡೆ ನೋಡಿ ಬರಿ, ಒಂದು ಪುಸ್ತಕವೇ ಆಗಿರಲಿ ಅಂದೆ.

“ಎರಡೂ ಬೇರೆ ಬೇರೆ ಹೇಳಿದ್ರೆ, ಅಮ್ಮಾ?”

“ಬೆಳಿಗ್ಗೆ ಮಿಸ್‌ನ ಕೇಳು.”