ಕ್ಲರ್ಕ್‌ಗೂ ಓಡಿಸ್ತಾರಾ?

ರಜೆಗೆ ಊರಿಗೆ ಬಂದರೆ ಈ ಪ್ರಶ್ನೆ ತಪ್ಪಿದ್ದಲ್ಲ. ಮದುವೆ ಮನೆ, ಸೊಸೈಟಿ, ಬಸ್ ಸ್ಟ್ಯಾಂಡು, ಎಲ್ಲಿ ಸಿಕ್ಕರೂ ಕೇಳುತ್ತಾರೆ. "ನೀನು ಮಿಲಿಟರಿಯಲ್ಲಿ ಕ್ಲರ್ಕ್ ಅಲ್ವಾ? ನಿಮಗೂ ಓಡಿಸ್ತಾರಾ?"

ಹೌದು, ಓಡಿಸುತ್ತಾರೆ. ಹದಿನಾಲ್ಕು ವರ್ಷದಿಂದ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಪ್ರಶ್ನೆಗಿಂತ ಜಾಸ್ತಿ ಚುಚ್ಚುವುದು ಅದರೊಳಗಿನ ಆ "ಗೂ". ನಿಮಗೂ. ಅಂದರೆ ಓಡುವವರು ನಿಜವಾದ ಸೈನಿಕರು, ನೀನು ಬೇರೆ. ಹೋದ ವರ್ಷ ಒಂದು ಮದುವೆಯಲ್ಲಿ ಊಟಕ್ಕೆ ಕೂತಿದ್ದೆ. ಪಕ್ಕದ ಎಲೆಯ ಹಿರಿಯರು ದೊಡ್ಡ ದನಿಯಲ್ಲಿ ಕೇಳಿದರು. "ಅಲ್ಲ ತಮ್ಮಾ, ಕುರ್ಚಿ ಮೇಲೆ ಕೂತು ಬರೆಯೋನಿಗೆ ಹಗ್ಗ ಹತ್ತೋ ಕೆಲಸ ಯಾಕೆ?" ಇಡೀ ಪಂಕ್ತಿ ನಕ್ಕಿತು. ನಾಲ್ಕು ಎಲೆ ಆಚೆ ಅಪ್ಪ ಕೂತಿದ್ದರು. ಅವರು ನಗಲಿಲ್ಲ. ಸಾರನ್ನ ಕಲಸುತ್ತಿದ್ದ ಕೈ ಮಾತ್ರ ಸ್ವಲ್ಪ ಹೊತ್ತು ನಿಂತಿತು.

ಅವತ್ತು ನಾನು ಏನೂ ಹೇಳಲಿಲ್ಲ. ಈಗ ಹೇಳುತ್ತೇನೆ.

ಭರ್ತಿಯ ಓಟ ನಿಮಗೆ ಗೊತ್ತು. 2022ರಲ್ಲಿ ಅಗ್ನಿವೀರ್ ರ‍್ಯಾಲಿಗಳು ಶುರುವಾದಾಗ 1.6 ಕಿಲೋಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಓಡಿದವರಿಗೆ ಪೂರ್ತಿ 60 ಅಂಕ. 10 ಪುಲ್ಅಪ್ ಹೊಡೆದರೆ 40. ಊರಿನ ಹುಡುಗರು ನಸುಕಿನಲ್ಲಿ ರೋಡಿನಲ್ಲಿ ಓಡುವುದು ಇದಕ್ಕೇ. ಸೇರಿಬಿಟ್ಟರೆ ಮುಗಿಯಿತು ಎಂದು ಎಲ್ಲರೂ ತಿಳಿದಿದ್ದಾರೆ. ಮುಗಿಯುವುದಿಲ್ಲ. ಸೇರಿದ ಮೇಲೆ ಇಷ್ಟು ವರ್ಷ ನಾವು ಕೊಟ್ಟಿದ್ದು ಬಿಪಿಇಟಿ, ಬ್ಯಾಟಲ್ ಫಿಸಿಕಲ್ ಎಫಿಷಿಯೆನ್ಸಿ ಟೆಸ್ಟ್. ಬೆನ್ನಿಗೆ ಪಿಟ್ಟು, ಅಂದರೆ ಸಾಮಾನು ತುಂಬಿದ ಚೀಲ, ಕೈಯಲ್ಲಿ ರೈಫಲ್, 5 ಕಿಲೋಮೀಟರ್ ಓಟ. ಇನ್ಸಾಸ್ ರೈಫಲ್ ಒಂದೇ 4 ಕೆಜಿಗಿಂತ ಜಾಸ್ತಿ. ಓಟದ ಜೊತೆಗೆ 60 ಮೀಟರ್ ಸ್ಪ್ರಿಂಟ್, 9 ಅಡಿ ಗುಂಡಿ ಹಾರುವುದು, ನೇರ ಹಗ್ಗ ಹತ್ತುವುದು, ಅಡ್ಡ ಹಗ್ಗ ದಾಟುವುದು. ಇದಲ್ಲದೆ ಪಿಪಿಟಿ, ಫಿಸಿಕಲ್ ಪ್ರೊಫಿಷಿಯೆನ್ಸಿ ಟೆಸ್ಟ್, ಅಂತ ಬೇರೆ ಟೆಸ್ಟ್ ಇತ್ತು. ಅದರಲ್ಲಿ 2.4 ಕಿಲೋಮೀಟರ್ ಓಟ, ಚಿನ್ಅಪ್, ಸಿಟ್ಅಪ್, ಶಟಲ್ ಅಂದರೆ ಹಿಂದೆ ಮುಂದೆ ಓಡುವುದು. ವಯಸ್ಸಾದಂತೆ ಸಮಯ ಸ್ವಲ್ಪ ಸಡಿಲವಾಗುತ್ತದೆ, ಅಷ್ಟೇ. ಫೇಲಾದರೆ ಮತ್ತೆ ಕೊಡಬೇಕು. ಪ್ರಮೋಷನ್ ಬಂದಾಗ ಆ ರಿಸಲ್ಟನ್ನೂ ನೋಡುತ್ತಾರೆ.

ಇದು ಕ್ಲರ್ಕ್‌ಗೂ ಇದೆ, ಡ್ರೈವರ್‌ಗೂ ಇದೆ, ಅಡುಗೆಯವನಿಗೂ ಇದೆ. ನಮ್ಮ ಲಂಗರಿನಲ್ಲಿ, ಅಂದರೆ ಸೈನಿಕರ ಅಡುಗೆಮನೆಯಲ್ಲಿ, ಒಬ್ಬ ಕುಕ್ ಇದ್ದ. ಟೆಸ್ಟ್ ದಿನವೂ ಮೂರು ಗಂಟೆಗೆ ಎದ್ದು ಒಲೆ ಹಚ್ಚುತ್ತಿದ್ದ. ಆಮೇಲೆ ನಮ್ಮ ಜೊತೆ ಓಡಿ, ಬೆವರು ಒರೆಸಿಕೊಂಡು ಹೋಗಿ ಪೂರಿ ಕರಿಯುತ್ತಿದ್ದ. ಅವನನ್ನು ಯಾರಾದರೂ "ನಿನಗೂ ಓಡಿಸ್ತಾರಾ" ಎಂದು ಕೇಳಿದ್ದರೆ ನನಗೆ ಇನ್ನೂ ಸಿಟ್ಟು ಬರುತ್ತಿತ್ತು. ನಾನೂ ರಾತ್ರಿ ಕಾವಲಿನ ಸಂತ್ರಿ ಡ್ಯೂಟಿ ಮಾಡಿದ್ದೇನೆ. ಕತ್ತಲಲ್ಲಿ ಏನಾದರೂ ಆದರೆ ಯಾರ ಟ್ರೇಡ್ ಏನು ಎಂದು ಕೇಳುತ್ತಾ ಕೂರಲು ಆಗುವುದಿಲ್ಲ. ಗಾಯವಾದವನನ್ನು ಹತ್ತಿರ ಇದ್ದವನೇ ಎತ್ತಬೇಕು. ಹತ್ತಿರ ಇದ್ದವನು ನಾನೇ ಆಗಿರಬಹುದು.

ಆದರೆ ಇಷ್ಟು ವರ್ಷದಲ್ಲಿ ಒಬ್ಬರಾದರೂ ಕೇಳಬಹುದಿತ್ತು, "ಹಗ್ಗ ಹತ್ತೋದನ್ನ ಯಾರು ಕಲಿಸಿದರು?" ಎಂದು. ಈ ಪ್ರಶ್ನೆಗಾದರೆ ಗಂಟೆಗಟ್ಟಲೆ ಉತ್ತರ ಹೇಳುತ್ತೇನೆ.

ಟ್ರೇನಿಂಗ್ ಸೆಂಟರಿನಲ್ಲಿ ಮೊದಲ ವಾರಗಳಲ್ಲಿ ನನಗೆ ಹಗ್ಗ ಆಗುತ್ತಲೇ ಇರಲಿಲ್ಲ. ತೋಳಿನ ಬಲದಲ್ಲೇ ಮೇಲಕ್ಕೆ ಎಳೆದುಕೊಳ್ಳುತ್ತಿದ್ದೆ. ಅರ್ಧಕ್ಕೆ ತೋಳು ಸೋಲುತ್ತಿತ್ತು. ಜಾರುವಾಗ ಅಂಗೈ ಸುಲಿಯುತ್ತಿತ್ತು. ಒಂದು ಭಾನುವಾರ ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು. "ಕಾಲು ಎಲ್ಲಿಡ್ತೀಯ?"

ಅಪ್ಪ ಕೊನೆಗೌಡ, ಅಂದರೆ ಅಡಿಕೆ ಮರ ಹತ್ತಿ ಕೊನೆ (ಗೊನೆ) ಇಳಿಸುವವರು. ಶಿವಮೊಗ್ಗ ಜಿಲ್ಲೆಯ ಸಾಗರದ ಸುತ್ತಲಿನ ಅಡಿಕೆ ತೋಟಗಳಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಕೊನೆ ಕೊಯ್ದವರು. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಮದ್ದು ಹೊಡೆಯಲು ಜಾರುವ ಮರ ಏರಿದವರು. ಒಂದು ಮರದ ತುದಿಯಲ್ಲಿ ತೂಗಿ ಪಕ್ಕದ ಮರ ಹಿಡಿದು ದಾಟುವುದನ್ನು ನಾನು ಚಿಕ್ಕಂದಿನಿಂದ ಕೆಳಗೆ ನಿಂತು ನೋಡಿದ್ದೆ. ನೋಡಿದ್ದೆ, ಅಷ್ಟೇ. ಕಲಿತಿರಲಿಲ್ಲ. ಮಗ ಮರ ಹತ್ತಬಾರದು, ಓದಬೇಕು ಎಂಬುದು ಅವರ ಹಟ.

ಅವತ್ತು ಫೋನಿನಲ್ಲಿ ಅವರು ಹೇಳಿದರು. "ಕೈ ಇರೋದು ಹಿಡಿಯೋಕೆ. ಏರೋದು ಕಾಲು. ಮೊದಲು ಮಂಡಿ ಮೇಲಕ್ಕೆ ತಗೋ. ಪಾದದಲ್ಲಿ ಬಿಗಿಯಾಗಿ ಕಚ್ಚಿಕೋ. ಆಮೇಲೆ ಎದ್ದು ನಿಲ್ಲು, ಮೆಟ್ಟಿಲ ಮೇಲೆ ನಿಂತ ಹಾಗೆ. ನಿಂತ ಮೇಲೆ ಕೈ ಮೇಲೆ ಹಾಕು." ನಮಗೆ ಕಲಿಸುವ ಉಸ್ತಾದ್ ಹಿಂದಿಯಲ್ಲಿ ದಿನಾ ಕಿರುಚುತ್ತಿದ್ದುದೂ ಇದನ್ನೇ. ಆದರೆ ನನ್ನ ಕಾಲಿಗೆ ಅರ್ಥವಾಗಿದ್ದು ಅಪ್ಪನ ಮಾತು. ಮಾರನೇ ದಿನ ಬೂಟಿನ ನಡುವೆ ಹಗ್ಗ ಕಚ್ಚಿ ಎದ್ದು ನಿಂತೆ. ಮತ್ತೆ ಮಂಡಿ, ಮತ್ತೆ ನಿಲ್ಲುವುದು. ತುದಿ ಮುಟ್ಟಿದಾಗ ಕೆಳಗಿನಿಂದ "ಶಾಬಾಶ್" ಕೇಳಿಸಿತು.

ಅಪ್ಪ ಯಾವ ಟೆಸ್ಟೂ ಕೊಟ್ಟವರಲ್ಲ. ಅವರಿಗೆ ಯಾರೂ ಎಕ್ಸಲೆಂಟ್ ಎಂದು ಬರೆದುಕೊಟ್ಟಿಲ್ಲ. 50 ಅಡಿ ಮರದ ಮೇಲಿದ್ದವರಿಗೆ ಕೆಳಗಿನಿಂದ ಕೇಳಿಸುತ್ತಿದ್ದುದು "ಬೇಗ ಬೇಗ" ಮಾತ್ರ. ಮದುವೆ ಪಂಕ್ತಿಯಲ್ಲಿ ನಕ್ಕವರಲ್ಲಿ ಅರ್ಧ ಜನರ ತೋಟದ ಕೊನೆ ಇಳಿಸಿದ್ದು ಅವರೇ. ಹಗ್ಗ ಹತ್ತೋ ಕೆಲಸ ಯಾಕೆ ಎಂದಾಗ ಅವರ ಕೈ ಏಕೆ ನಿಂತಿತು ಎಂದು ನನಗೆ ಗೊತ್ತು.

ಈಗ ಅವರು ಮರ ಹತ್ತುವುದಿಲ್ಲ, ಮಂಡಿ ನೋವು. ನನ್ನ ಟೆಸ್ಟಿನ ದಿನ ಮಾತ್ರ ಮರೆಯುವುದಿಲ್ಲ. ಮಧ್ಯಾಹ್ನ ಫೋನ್ ಬರುತ್ತದೆ. ಓಟದ ಟೈಮ್ ಎಷ್ಟಾಯಿತು ಎಂದು ಕೇಳುವುದಿಲ್ಲ. ಗುಂಡಿ ಹಾರಿದೆಯಾ ಎಂದೂ ಇಲ್ಲ.

"ಕಾಲು ಸರಿ ಕಚ್ಚಿತಾ?"

"ಕಚ್ಚಿತು ಅಪ್ಪ."

"ಹಾಂ. ಊಟ ಮಾಡು ಹೋಗು."